ಬೀಡಿ ಮುಟ್ಟದವರ ಶ್ವಾಸಕೋಶ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಅಡುಗೆಗೆ ಗ್ಯಾಸ್ ಬಂದ ಎಷ್ಟೋ ಮನೆಗಳ ಬಚ್ಚಲ ಒಲೆಗೆ ಇಂದಿಗೂ ಸೌದೆಯೇ ಆಧಾರ. ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಒಲೆಯೂ ಅದರ ಜೊತೆ ಸೇರುತ್ತದೆ. ಈ ಹೊಗೆಯ ನಡುವೆಯೇ ಆಯುಷ್ಯ ಕಳೆದ ಹೆಂಗಸರು ಶ್ವಾಸಕೋಶದ ಕ್ಯಾನ್ಸರ್ ಎಂದರೆ ಬೀಡಿ ಸೇದುವ ಗಂಡಸರ ಕಾಯಿಲೆ ಎಂದುಕೊಂಡಿರುತ್ತಾರೆ. ಜಾಗೃತಿಯ ಕೆಲಸ ಶುರುವಾಗಬೇಕಾದದ್ದು ಈ ನಂಬಿಕೆಯಿಂದಲೇ.

ಸೌದೆ ಸರಿಯಾಗಿ ಉರಿಯದಿದ್ದಾಗ ಬೆಂಜೊಪೈರೀನ್‌ನಂಥ ರಾಸಾಯನಿಕಗಳು ಹುಟ್ಟುತ್ತವೆ. ಅವು ಅತಿ ಸೂಕ್ಷ್ಮ ಕಣಗಳಿಗೆ ಅಂಟಿಕೊಂಡು ಶ್ವಾಸಕೋಶದ ಆಳಕ್ಕಿಳಿದು, ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನೆಯೊಳಗಿನ ಕಲ್ಲಿದ್ದಲ ಹೊಗೆಯನ್ನು ಖಚಿತ ಕ್ಯಾನ್ಸರ್‌ಕಾರಕವೆಂದೂ ಸೌದೆಯ ಹೊಗೆಯನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿದೆ. ಚೀನಾದ ಶುವಾನ್‌ವೇ ಪ್ರಾಂತದ ಹೆಂಗಸರು ಧೂಮಪಾನ ಮಾಡುತ್ತಿದ್ದುದೇ ಅಪರೂಪ. ಆದರೂ ಕಲ್ಲಿದ್ದಲ ಒಲೆಯಿಂದಾಗಿ ಅವರಲ್ಲಿ ಈ ಕ್ಯಾನ್ಸರ್ ವಿಪರೀತವಾಗಿತ್ತು. ಒಲೆಗೆ ಹೊಗೆಕೊಳವೆ ಹಾಕಿಸಿಕೊಂಡ ಮನೆಗಳ ಹೆಂಗಸರಲ್ಲಿ ಅಪಾಯ ಹೆಚ್ಚುಕಡಿಮೆ ಅರ್ಧಕ್ಕಿಳಿದದ್ದನ್ನು 2002ರ ಅಧ್ಯಯನ ತೋರಿಸಿತು.

ಹೊಗೆ ಇಳಿಸುವ ವಿದ್ಯೆ ನಮ್ಮ ಸೀಮೆಗೂ ಹೊಸದಲ್ಲ. ಶಿರಸಿ ತಾಲೂಕಿನಲ್ಲಿ ಗೋಬರ್ ಗ್ಯಾಸ್ ಹರಡಿದ ಬಗೆಯನ್ನು ಸಂಶೋಧಕರು 2001ರಲ್ಲಿ ಯಶೋಗಾಥೆಯೆಂದೇ ದಾಖಲಿಸಿದರು. ಅವರು ನೋಡಿದ ಸ್ಥಾವರಗಳೆಲ್ಲ ಚೆನ್ನಾಗಿ ನಡೆಯುತ್ತಿದ್ದವು. ಕೊಟ್ಟಿಗೆಯ ಸಗಣಿ ಅಡುಗೆಮನೆಯ ಗಾಳಿಯನ್ನು ಹಸನು ಮಾಡಿತ್ತು. ಬಚ್ಚಲ ಒಲೆಗೂ ಹೊಗೆಕೊಳವೆ ಬಂದರೆ ಆ ಕೆಲಸ ಮುಂದುವರಿದಂತೆ.

ಇನ್ನು ತಪಾಸಣೆ. ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ವರ್ಷಕ್ಕೊಮ್ಮೆ ಮಾಡಿಸಿದರೆ ಶ್ವಾಸಕೋಶದ ಕ್ಯಾನ್ಸರ್ ಸಾವು ಶೇಕಡಾ 20ರಷ್ಟು ಇಳಿಯುತ್ತದೆಂದು ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆ 2011ರಲ್ಲಿ ತಿಳಿಸಿತು. ಆದರೆ ಅವರೆಲ್ಲ ವರ್ಷಾನುಗಟ್ಟಲೆ ಸಿಗರೇಟು ಸೇದಿದವರು. ಅನುಮಾನ ಬಂದ ಪ್ರತಿ 100 ಸ್ಕ್ಯಾನ್‌ಗಳಲ್ಲಿ 96 ಕ್ಯಾನ್ಸರ್ ಆಗಿರಲಿಲ್ಲ. ಕ್ಷಯದ ಹಳೆಯ ಕಲೆಗಳು ಸಾಮಾನ್ಯವಾದ ನಮ್ಮಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಭಾರತದ ಸರ್ಕಾರಿ ತಪಾಸಣೆ 30 ದಾಟಿದವರ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳನ್ನು ಒಳಗೊಂಡಿದೆ, ಶ್ವಾಸಕೋಶ ಅದರಲ್ಲಿಲ್ಲ. ಹಾಗಾಗಿ ಎಲ್ಲ ಹೆಂಗಸರೂ ಸ್ಕ್ಯಾನ್ ಮಾಡಿಸಿ ಎನ್ನುವ ಪ್ರಚಾರ ಇಲ್ಲಿಗೆ ಸಲ್ಲದು.

ಸಲ್ಲುವ ಮಾತು ಬೇರೆಯಿದೆ. ಇಂಗ್ಲೆಂಡ್ 2012ರಲ್ಲಿ ಮೂರು ವಾರ ಕೆಮ್ಮಿದರೆ ವೈದ್ಯರಿಗೆ ತೋರಿಸಿ ಎಂಬ ಒಂದೇ ಮಾತನ್ನು ದೇಶಕ್ಕೆಲ್ಲ ಸಾರಿತು. ಶಸ್ತ್ರಚಿಕಿತ್ಸೆ ಸಾಧ್ಯವಿರುವಾಗಲೇ ಪತ್ತೆಯಾದವರ ಸಂಖ್ಯೆ ಏರಿತು. ಕ್ಷಯವೂ ಇರುವ ನಮ್ಮಲ್ಲಿ ಎರಡು ವಾರವೇ ಗಡುವು. ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಏದುಸಿರು ಕಂಡರೆ ಅಷ್ಟೂ ಕಾಯಬಾರದು. ಕ್ಷಯದ ಔಷಧಿ ತೆಗೆದುಕೊಂಡರೂ ಗುಣವಾಗದಿದ್ದರೆ ಕ್ಯಾನ್ಸರ್ ಇರಬಹುದೇ ಎಂದು ವೈದ್ಯರನ್ನು ಕೇಳಲೇಬೇಕು.

ಇದನ್ನು ಹೇಳಲು, ವೇಷವಿಲ್ಲದೆ ಕುಳಿತು ಪಾತ್ರಗಳ ವಾದವನ್ನು ಮಾತಿನಲ್ಲೇ ಮಂಡಿಸುವ ತಾಳಮದ್ದಳೆಗಿಂತ ಒಳ್ಳೆಯ ವೇದಿಕೆ ಈ ಸೀಮೆಯಲ್ಲಿಲ್ಲ. ಹೆಂಗಸರೇ ಅರ್ಥ ಹೇಳುವ ಕೂಟಗಳು ಇಲ್ಲಿವೆ. ‘ಬೀಡಿ ಸೇದದ ನನಗೇಕೆ ಭಯ’ ಎಂದು ಒಬ್ಬರು ವಾದ ಹೂಡಲಿ, ಇನ್ನೊಬ್ಬರು ಒಲೆಯ ಲೆಕ್ಕವನ್ನೇ ಮುಂದಿಟ್ಟು ಉತ್ತರಿಸಲಿ. ಕರಪತ್ರ ಉಪದೇಶಿಸಿ ಸುಮ್ಮನಾಗುತ್ತದೆ; ಅರ್ಥಗಾರಿಕೆ ಕೇಳುಗರ ಮನಸ್ಸಿನ ಆಕ್ಷೇಪವನ್ನೇ ಎತ್ತಿಕೊಂಡು ಮಾತಾಡುತ್ತದೆ. ಕೂಟದ ದಿನ ಆಶಾ ಕಾರ್ಯಕರ್ತೆಯೂ ಅಲ್ಲಿದ್ದು, ಕೆಮ್ಮುವವರ ಹೆಸರು ಬರೆದುಕೊಂಡು, ಕಫ ಪರೀಕ್ಷೆಗೂ ಎಕ್ಸ್‌ರೇಗೂ ದಿನ ಗೊತ್ತುಮಾಡಲಿ. ಮಾತು ಆಸ್ಪತ್ರೆಯ ಬಾಗಿಲು ಮುಟ್ಟಿದಾಗಲೇ ಜಾಗೃತಿ ಸಾರ್ಥಕ.