ಗಾಳಿಯನ್ನುಂಡು ಬೆಳಕನ್ನೀಯುವ ಸತು

ಸಕಲೇಶಪುರದ ಬೆಟ್ಟಗಳಲ್ಲಿ ಮುಂಗಾರು ಮಳೆ ಹಿಡಿಯಿತೆಂದರೆ ಗೊರೂರಿನಲ್ಲಿ ಹೇಮಾವತಿ ದಿನದಿನಕ್ಕೂ ಏರುತ್ತಾಳೆ. 1979ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟೆಯ ಹಿಂದೆ ನೀರು ಸಮುದ್ರದಂತೆ ಹರಡಿಕೊಳ್ಳುತ್ತದೆ. ಜಲಾಶಯವನ್ನು ತುಂಬಿಸುವ ಅದೇ ಮಳೆಗಾಳಿಯೇ ಮರದ ಕೊಂಬೆಯನ್ನು ಮುರಿದು ವಿದ್ಯುತ್ತಿನ ತಂತಿಯ ಮೇಲೆ ಕೆಡವಿ ಮನೆಯ ದೀಪವನ್ನು ಆರಿಸುವುದೂ ಉಂಟು. ನೀರಿಗೇನೋ ಅಣೆಕಟ್ಟೆಯಿದೆ, ಮಳೆ ನಿಂತ ಮೇಲೂ ಹೊಲಕ್ಕೆ ಹರಿಯುತ್ತದೆ. ಆದರೆ ಮನೆಯ ವಿದ್ಯುತ್ತನ್ನು ಕಷ್ಟಕಾಲಕ್ಕೆಂದು ಕೂಡಿಡುವುದು ಹೇಗೆ?

ಇನ್‌ವರ್ಟರ್ ಇದೆಯಲ್ಲ, ಚಾರ್ಜು ಮಾಡುವ ದೀಪವಿದೆಯಲ್ಲ ಎಂದು ವಾಚಕರು ಕೇಳಬಹುದು. ಒಂದೆರಡು ಗಂಟೆಗಳ ಕತ್ತಲೆಗೆ ಅವೇ ಸರಿ. ಆದರೆ ಅವೆರಡೂ ತಂತಿಯ ವಿದ್ಯುತ್ತನ್ನೇ ಸಾಲ ಪಡೆದು ಬದುಕುವಂಥವು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ, ಸಕಲೇಶಪುರದ ಘಟ್ಟದ ರೈಲುಹಾದಿಯ ಮೇಲೆ ಮಣ್ಣು ಬಿದ್ದಾಗ, ಕತ್ತಲೆ ಗಂಟೆಗಳ ಲೆಕ್ಕವನ್ನು ಮೀರಿತು. ಮೋಡ ಕವಿದ ದಿನಗಳಲ್ಲಿ ಸೂರ್ಯನನ್ನು ನಂಬುವುದೂ ಕಷ್ಟ. ವರ್ಷಗಟ್ಟಲೆ ಬೀರುವಿನಲ್ಲಿ ಕೆಡದೆ ಕುಳಿತಿದ್ದು, ಬೇಕೆಂದ ದಿನ ಎದ್ದು ಕೆಲಸಕ್ಕೆ ನಿಲ್ಲುವ ಶಕ್ತಿಯ ಬೆಲೆ ಅಂಥ ವೇಳೆಯಲ್ಲಿ ತಿಳಿಯುತ್ತದೆ. ಸತು-ಗಾಳಿ ವಿದ್ಯುತ್ಕೋಶ ಅಂಥದೊಂದು ಶಕ್ತಿ.

ಸತು ನಮಗೆ ಹೊಸದಲ್ಲ. ಬೀದರಿನ ಬಿದರಿ ಪಾತ್ರೆಗಳ ಮುಖ್ಯ ಲೋಹ ಅದೇ. ತಗಡಿನ ಬಕೆಟ್ಟಿಗೆ ತುಕ್ಕು ಹಿಡಿಯದಂತೆ ಕಾಯುವ ಲೇಪವೂ ಅದೇ. ಟಾರ್ಚಿನ ಹಳೆಯ ಸೆಲ್ಲನ್ನು ಒಡೆದು ನೋಡಿದ ಮಕ್ಕಳಿಗೆ ಅದರೊಳಗಿನ ಕಪ್ಪು ಪುಡಿಯ ಪರಿಚಯವಿರುತ್ತದೆ. ಸೆಲ್ಲಿನ ಹೊರಕವಚ ಸತು. ಕಪ್ಪು ಪುಡಿಯ ಬಹುಭಾಗ ಮ್ಯಾಂಗನೀಸ್ ಡೈಆಕ್ಸೈಡ್. ಸತುವಿಗೆ ಬೇಕಾದ ಆಮ್ಲಜನಕವನ್ನು ಒದಗಿಸುವುದೇ ಈ ಪುಡಿಯ ಕೆಲಸ. ಆದರೆ ಆಮ್ಲಜನಕ ನಮ್ಮ ಸುತ್ತಲೂ ಬಿಟ್ಟಿಯಾಗಿ ತುಂಬಿರುವಾಗ ಅದನ್ನು ಪುಡಿಯ ರೂಪದಲ್ಲಿ ಹೊತ್ತು ತಿರುಗುವುದೇಕೆ? ಈ ಪ್ರಶ್ನೆಯ ಹಾದಿಯಲ್ಲಿ ಫ್ರಾನ್ಸಿನ ಲೂಯಿ ಮೇಶ್ 1878ರಲ್ಲಿಯೇ ಗಾಳಿಯಿಂದ ನಡೆಯುವ ಕೋಶವನ್ನು ರಚಿಸಿದನು. 1932ರಲ್ಲಿ ಅಮೆರಿಕದ ಹೀಸ್ ಮತ್ತು ಷೂಮಾಕರ್ ಅದನ್ನು ಸುಧಾರಿಸಿದ ಮೇಲೆ, ಊರಿನಿಂದ ದೂರವಿದ್ದ ರೈಲ್ವೆ ಸಿಗ್ನಲುಗಳಿಗೆ ಅದು ಬಳಕೆಗೆ ಬಂದಿತು.

ಇದರ ಮರ್ಮವು ಬಚ್ಚಲ ಹಂಡೆಯ ಒಲೆಯನ್ನು ಬಲ್ಲವರಿಗೆ ಸುಲಭವಾಗಿ ತಿಳಿಯುವುದು. ಸೌದೆಯನ್ನು ನಾವು ಇಡುತ್ತೇವೆ. ಉರಿಯಲು ಬೇಕಾದ ಗಾಳಿ ತಾನಾಗಿ ಬರುತ್ತದೆ. ಇಲ್ಲಿ ಸತುವಿನ ಪುಡಿಯೇ ಸೌದೆ. ಅದನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ದ್ರಾವಣದಲ್ಲಿ ಕಲಸಿ ತುಂಬಿರುತ್ತಾರೆ. ಇನ್ನೊಂದು ಬದಿಗೆ ಇಂಗಾಲದ ತೆಳುವಾದ ಪದರ. ಅದರ ಹೊರಗೆ ಗಾಳಿಯನ್ನು ಬಿಟ್ಟು ದ್ರಾವಣವನ್ನು ತಡೆಯುವ ಪೊರೆ. ಸೂಜಿಯ ಮೊನೆಯಷ್ಟಿರುವ ರಂಧ್ರಗಳಿಂದ ಒಳಹೊಕ್ಕ ಆಮ್ಲಜನಕವು ಇಂಗಾಲದ ಮೇಲೆ ಎಲೆಕ್ಟ್ರಾನುಗಳನ್ನು ಪಡೆದು ಕ್ಷಾರದೊಡನೆ ಬೆರೆಯುತ್ತದೆ. ಸತುವು ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಭಸ್ಮವಾಗುತ್ತದೆ. ಸತುವನ್ನು ಬಿಟ್ಟ ಎಲೆಕ್ಟ್ರಾನುಗಳು ಇಂಗಾಲವನ್ನು ಸೇರಲು ಹೊರಗಿನ ತಂತಿಯ ಮೂಲಕವೇ ಸಾಗಬೇಕು. ಆ ಪಯಣದಲ್ಲಿ ಅವು ದೀಪವನ್ನು ಬೆಳಗಿಸುತ್ತವೆ. ಹೊಗೆಯಿಲ್ಲ, ಜ್ವಾಲೆಯಿಲ್ಲ. ನಾಲ್ಕು ಗ್ರಾಂ ಸತುವು ಸುಮಾರು ಒಂದು ಗ್ರಾಂ ಆಮ್ಲಜನಕವನ್ನು ನುಂಗುವುದರಿಂದ, ದುಡಿದಂತೆಲ್ಲ ಕೋಶದ ತೂಕ ಹೆಚ್ಚುವುದೊಂದು ವಿಚಿತ್ರ!

ಐದು ವಾಟಿನ ಎಲ್‌ಇಡಿ ದೀಪವನ್ನು ರಾತ್ರಿ ನಾಲ್ಕು ಗಂಟೆ ಉರಿಸಬೇಕೆನ್ನೋಣ. ಲೆಕ್ಕದ ಪ್ರಕಾರ ಅದಕ್ಕೆ ಸುಮಾರು 22 ಗ್ರಾಂ ಸತುವೂ, ಒಂದು ದೊಡ್ಡ ಬಕೆಟ್ಟಿನಲ್ಲಿ ಹಿಡಿಸುವಷ್ಟು, ಅಂದರೆ 20 ಲೀಟರು ಗಾಳಿಯಲ್ಲಿರುವ ಆಮ್ಲಜನಕವೂ ಸಾಕು. ವ್ಯವಹಾರದಲ್ಲಿ ನಷ್ಟ ಸೇರಿ ಸ್ವಲ್ಪ ಹೆಚ್ಚಾಗಬಹುದು. ತೂಕಕ್ಕೆ ತೂಕ ಹೋಲಿಸಿದರೆ ಇನ್‌ವರ್ಟರಿನ ಸೀಸದ ಬ್ಯಾಟರಿಗಿಂತ ಇದು ಎಷ್ಟೋ ಪಟ್ಟು ಶಕ್ತಿಯನ್ನು ಅಡಗಿಸಿಕೊಂಡಿದೆ. ಯೂರೋಪಿನ ಗೋಮಾಳಗಳ ವಿದ್ಯುತ್ ಬೇಲಿಗೂ, ಸೈನಿಕರ ರೇಡಿಯೋಗೂ ಇದನ್ನು ಬಳಸಿರುವುದು ಈ ಕಾರಣದಿಂದಲೇ.

ಹಾಗಾದರೆ ಮನೆಮನೆಯಲ್ಲೂ ಇದೇಕಿಲ್ಲ? ಗುಣವೇ ಇಲ್ಲಿ ದೋಷವೂ ಆಗಿದೆ. ಕಿಂಡಿ ಚಿಕ್ಕದಾದ ಒಲೆಯಲ್ಲಿ ದೊಡ್ಡ ಉರಿ ಏಳದು. ಅಂತೆಯೇ ಈ ಕೋಶ ಮಿಕ್ಸಿಯನ್ನು ತಿರುಗಿಸಲಾರದು, ನಿಧಾನವಾಗಿ ದುಡಿಯಬಲ್ಲದು. ಮುಚ್ಚಳವನ್ನು ಒಮ್ಮೆ ತೆಗೆದರೆ ಗಾಳಿಯೊಡನೆ ಇಂಗಾಲದ ಡೈಆಕ್ಸೈಡೂ ಬಂದು ಕ್ಷಾರವನ್ನು ಕೆಡಿಸುತ್ತದೆ. ಮಳೆಗಾಲದಲ್ಲಿ ತೇವ ಹೊಗುತ್ತದೆ, ಬೇಸಗೆಯಲ್ಲಿ ದ್ರಾವಣ ಒಣಗುತ್ತದೆ. ಬಳಸಿದರೂ ಬಿಟ್ಟರೂ ಕೆಲವು ವಾರಗಳಲ್ಲಿ ಅದರ ಆಯುಸ್ಸು ತೀರಿತು. ಭಸ್ಮವನ್ನು ಮರಳಿ ಸತುವಾಗಿಸಿ ಮತ್ತೆಮತ್ತೆ ಬಳಸುವ ವಿದ್ಯೆಗಾಗಿ ವಿಜ್ಞಾನಿಗಳು ಇನ್ನೂ ಶ್ರಮಿಸುತ್ತಿದ್ದಾರೆ.

ಆದರೂ ಈ ಕೋಶ ಒಂದು ರೂಪದಲ್ಲಿ ನಮ್ಮ ಅನೇಕ ಮನೆಗಳನ್ನು ಆಗಲೇ ಪ್ರವೇಶಿಸಿದೆ. ಅಜ್ಜ ಅಜ್ಜಿಯರ ಶ್ರವಣಯಂತ್ರದೊಳಗಿನ ಗುಂಡಿಯಾಕಾರದ ಸೆಲ್ಲು ಇದೇ. ದಿನವೂ ಚಾರ್ಜು ಮಾಡಬೇಕಾದ ಶ್ರವಣಯಂತ್ರವು ಎರಡು ದಿನ ವಿದ್ಯುತ್ತಿಲ್ಲದಿದ್ದರೆ ಮೂಕವಾಗುವುದು. ಮಳೆಯ ರಾತ್ರಿಯಲ್ಲಿ ‘ನೀರು ಬಂತು, ಏಳಿ’ ಎಂದು ಬಾಗಿಲಲ್ಲಿ ಕೂಗಿದ್ದು ಕಿವಿಗೆ ಬೀಳದಿದ್ದರೆ ಗತಿಯೇನು? ಸೆಲ್ಲು ಹಾಕುವ ಯಂತ್ರಕ್ಕೆ ಈ ಭಯವಿಲ್ಲ. ಗಾತ್ರಕ್ಕನುಸಾರವಾಗಿ ಒಂದು ಸೆಲ್ಲು ಕೆಲವು ದಿನಗಳಿಂದ ಎರಡು ವಾರಗಳವರೆಗೆ ಬರುತ್ತದೆ.

ಆದುದರಿಂದ ಅಂಥ ಯಂತ್ರವಿರುವ ಮನೆಯವರು ಮುಂಗಾರಿಗೆ ಮೊದಲೇ ಒಂದೆರಡು ಪಟ್ಟಿ ಸೆಲ್ಲುಗಳನ್ನು ತಂದಿಡುವುದು ಲೇಸು. ಅವುಗಳ ಮೇಲಿನ ಬಣ್ಣದ ಚೀಟಿಯೇ ರಂಧ್ರಗಳನ್ನು ಮುಚ್ಚಿರುವ ಮುದ್ರೆ. ಬೇಕಾಗುವವರೆಗೆ ಅದನ್ನು ಕೀಳಬಾರದು, ಕಿತ್ತ ಮೇಲೆ ಮತ್ತೆ ಅಂಟಿಸಿ ಫಲವಿಲ್ಲ. ಕಿತ್ತು ಒಂದೆರಡು ನಿಮಿಷ ಗಾಳಿಗಿಟ್ಟು ಅನಂತರ ಯಂತ್ರಕ್ಕೆ ಹಾಕಬೇಕು. ಮಕ್ಕಳು ನುಂಗದಂತೆ ಎಚ್ಚರವಿರಲಿ. ನುಂಗಿದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಈ ಸೆಲ್ಲನ್ನು ಎಂದಿಗೂ ಚಾರ್ಜು ಮಾಡಲು ಹೋಗಬಾರದು.

ದಿನನಿತ್ಯದ ಕತ್ತಲೆಗೆ ಚಾರ್ಜಿನ ದೀಪವಿರಲಿ. ತಂತಿಯೇ ಕಡಿದುಹೋದ ದಿನಗಳಿಗೆಂದು ಮುದ್ರೆಯೊಡೆಯದ ಸತುವು ಬೀರುವಿನ ಮೂಲೆಯಲ್ಲಿ ಕಾದಿರಲಿ.