ಕರಾವಳಿಯಲ್ಲಿ ನಾಲ್ಕು ರಾತ್ರಿ: ವರ್ತಕರಿಗೊಂದು ಪ್ರವಾಸ ಯೋಜನೆ

ವರ್ಷವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವ ವರ್ತಕನಿಗೆ ರಜೆ ಎಂಬುದು ಯಾವಾಗಲೂ ನಾಳೆಯ ಮಾತು. ದೀಪಾವಳಿ ಮುಗಿಯಲಿ, ಮಾರ್ಚ್ ಲೆಕ್ಕ ಮುಗಿಯಲಿ, ಹೊಸ ಯಂತ್ರ ಬಂದು ಕೂರಲಿ ಎಂದು ಮುಂದೂಡುತ್ತಿರುವಾಗಲೇ ಮಕ್ಕಳು ದೊಡ್ಡವರಾಗಿ ಊರು ಬಿಟ್ಟಿರುತ್ತಾರೆ. ಸಣ್ಣ ಉದ್ದಿಮೆದಾರರ ಪಾಡೂ ಇದಕ್ಕಿಂತ ಭಿನ್ನವಲ್ಲ. ಆದುದರಿಂದ ಘಟ್ಟದ ಮೇಲಿನ ನಮ್ಮ ಸದಸ್ಯರು ಕುಟುಂಬ ಸಮೇತರಾಗಿ, ಸ್ವಂತ ವಾಹನದಲ್ಲಿ ಕೈಗೊಳ್ಳಬಹುದಾದ ಪ್ರವಾಸವೊಂದರ ರೂಪರೇಷೆಯನ್ನು ಇಲ್ಲಿ ನೀಡಲಾಗಿದೆ. ಮಾರ್ಗ ಮಂಗಳೂರಿನಿಂದ ಕಾರವಾರದವರೆಗೆ. ದೂರ ಸುಮಾರು 270 ಕಿ.ಮೀ.

ಕಾಲದ ಆಯ್ಕೆ

ಪನ್ವೇಲ್‌ನಿಂದ ಕನ್ಯಾಕುಮಾರಿಯವರೆಗಿನ ರಾಷ್ಟ್ರೀಯ ಹೆದ್ದಾರಿ 66 ನಮ್ಮ ಹಿರಿಯ ಸದಸ್ಯರಿಗೆ ಹೆದ್ದಾರಿ 17 ಎಂದೇ ಪರಿಚಿತ. ಈ ಮಾರ್ಗಕ್ಕೆ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಉತ್ತಮ. ಮಳೆಗಾಲದ ಸೊಬಗನ್ನು ನೋಡುವ ಆಸೆ ಸಹಜವೇ ಆದರೂ 2024ರ ಎರಡು ಘಟನೆಗಳನ್ನು ಮರೆಯಲಾಗದು. ಆ ವರ್ಷ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಲಾರಿಗಳು ಚಹಾಕ್ಕೆಂದು ನಿಲ್ಲುತ್ತಿದ್ದ ತಾಣವೇ ಮಣ್ಣುಪಾಲಾಯಿತು. ಲಾರಿ ಚಾಲಕರು ಸೇರಿದಂತೆ ಹಲವರು ಅಸುನೀಗಿದರು. ಮೂರು ವಾರಗಳ ಬಳಿಕ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಿತು. ನಮ್ಮ ಸರಕನ್ನು ಹೊತ್ತು ಸಾಗುವ ರಸ್ತೆಯೂ ಇದೇ ಆಗಿರುವುದರಿಂದ ಇದನ್ನು ಪ್ರವಾಸಿಗರ ಕಾಳಜಿ ಮಾತ್ರವೆಂದು ಭಾವಿಸಬಾರದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಂದರುಗಳೂ ಆ ದಿನಗಳಲ್ಲಿ ಸ್ತಬ್ಧವಾಗಿರುತ್ತವೆ.

ಮೊದಲ ತಂಗುದಾಣ: ಮಂಗಳೂರು

ನೇತ್ರಾವತಿ ಮತ್ತು ಗುರುಪುರ ನದಿಗಳ ದಡದ ಜೇಡಿಮಣ್ಣನ್ನು ಬಳಸಿ ಬಾಸೆಲ್ ಮಿಷನ್ 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. ಕೈಗೆಟುಕುವ ಕಚ್ಚಾವಸ್ತು, ಹತ್ತಿರದ ಬಂದರು, ಒಂದೇ ಮಟ್ಟದ ಗುಣಮಟ್ಟ - ಈ ಮೂರರ ಬಲದಿಂದ ಊರಿನ ಹೆಸರೇ ಸರಕಿನ ಹೆಸರಾಯಿತು. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಪ್ರಧಾನ ಬಂದರೆಂದು ಘೋಷಿತವಾಯಿತು. ಸಂಜೆ ಸಮುದ್ರತೀರಕ್ಕೆ ಹೋದಾಗ ಹಡಗುಗಳನ್ನು ಮಕ್ಕಳಿಗೆ ತೋರಿಸಬಹುದು.

ಎರಡನೆಯದು: ಉಡುಪಿ

ಮಂಗಳೂರಿನಿಂದ ಸುಮಾರು 60 ಕಿ.ಮೀ. ದಾರಿಯಲ್ಲಿ ಸಿಗುವ ಪಡುಬಿದ್ರಿ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಶ್ರೀಕೃಷ್ಣನ ದರ್ಶನದ ಬಳಿಕ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ತೆರಳಿ ಕಂಬಗಳಂತೆ ನಿಂತಿರುವ ಲಾವಾ ಶಿಲೆಗಳನ್ನು ನೋಡಬಹುದು.

ವರ್ತಕರಿಗೆ ಈ ಎರಡು ಊರುಗಳು ಬೇರೊಂದು ಕಾರಣಕ್ಕೂ ಯಾತ್ರಾಸ್ಥಳಗಳೇ. ಕೆನರಾ (1906), ಕಾರ್ಪೊರೇಷನ್ (1906), ಕರ್ಣಾಟಕ (1924), ಸಿಂಡಿಕೇಟ್ (1925), ವಿಜಯಾ (1931) - ಈ ಐದೂ ಬ್ಯಾಂಕುಗಳು ಹುಟ್ಟಿದ್ದು ಇಲ್ಲಿಯೇ. ದಿನದ ದುಡಿಮೆಯಲ್ಲಿ ಪುಡಿಗಾಸನ್ನು ಮನೆಬಾಗಿಲಿನಲ್ಲೇ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿತು. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಹೆಸರು ಅಳಿದರೂ ಪಿಗ್ಮಿ ಎಂಬ ಮಾತು ನಮ್ಮ ಪೇಟೆಗಳಲ್ಲಿ ಉಳಿದಿದೆ.

ಮೂರನೆಯದು: ಮುರುಡೇಶ್ವರ

ಉಡುಪಿಯಿಂದ ಸುಮಾರು 100 ಕಿ.ಮೀ. ಕುಂದಾಪುರ ದಾಟಿದ ಮೇಲೆ ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ವಾಹನವನ್ನು ರಸ್ತೆಯಿಂದ ಪೂರ್ಣವಾಗಿ ಹೊರಕ್ಕೆ ತಂದು ನಿಲ್ಲಿಸಿದ ನಂತರವೇ ಇಳಿಯತಕ್ಕದ್ದು.

ನಾಲ್ಕನೆಯದು: ಕುಮಟಾ ಮಾರ್ಗವಾಗಿ ಕಾರವಾರ

ಕೊನೆಯ ಹಂತ ಸುಮಾರು 115 ಕಿ.ಮೀ. ಹೊನ್ನಾವರದಲ್ಲಿ ಶರಾವತಿಯನ್ನು ದಾಟಿ ಕುಮಟಾ ತಲುಪಿದಾಗ ವರ್ತಕನಾದವನು ಒಂದು ಗಳಿಗೆ ನಿಲ್ಲಬೇಕು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಈ ಬಂದರಿನಿಂದ ಹಡಗೇರಿತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಮಾರುಕಟ್ಟೆಯಲ್ಲಿ ಅದರ ಹೆಸರು 'ಕುಮಟಾ ಹತ್ತಿ'. ಬಳಿಕ 1880ರ ದಶಕದಲ್ಲಿ ಮುರ್ಮಗೋವಾ ಬಂದರಿನತ್ತ ರೈಲುಮಾರ್ಗ ತೆರೆದಾಗ ಸರಕು ಅತ್ತ ಹೊರಳಿತು. ಇಲ್ಲಿನ ಪೇಟೆ ಸೊರಗಿತು. ಸರಕು ಸಾಗುವ ದಾರಿ ಬದಲಾದರೆ ಊರಿನ ಭಾಗ್ಯವೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಸಾಣಿಕಟ್ಟಾದ ಉಪ್ಪಿನ ಆಗರಗಳನ್ನೂ 1930ರ ಉಪ್ಪಿನ ಸತ್ಯಾಗ್ರಹದಿಂದ ಪ್ರಸಿದ್ಧವಾದ ಅಂಕೋಲೆಯನ್ನೂ ನೋಡಿ ಕಾರವಾರ ಸೇರಬಹುದು. ಮರಳುವಾಗ ಅಂಕೋಲೆಯಿಂದ ಅರಬೈಲು ಘಟ್ಟವನ್ನು ಹಗಲಿನಲ್ಲೇ ಏರುವುದು ಕ್ಷೇಮ.

ಗಮನಿಸಬೇಕಾದ ಅಂಶಗಳು

ದಿನಕ್ಕೆ 120 ಕಿ.ಮೀ. ಮೀರದಂತೆ ಮೇಲಿನ ಹಂತಗಳನ್ನು ಹೊಂದಿಸಲಾಗಿದೆ. ಸೂರ್ಯಾಸ್ತದ ನಂತರ ಚಾಲನೆ ಬೇಡ. ಚತುಷ್ಪಥ ಭಾಗಗಳಲ್ಲೂ ಎದುರು ದಿಕ್ಕಿನಿಂದ ದ್ವಿಚಕ್ರ ವಾಹನಗಳು ಬರುವುದುಂಟು. ಫಾಸ್ಟ್ಯಾಗ್ ಖಾತೆಯಲ್ಲಿ ಸಾಕಷ್ಟು ಹಣವಿರಲಿ. ಡಿಸೆಂಬರ್ ಕೊನೆಯ ವಾರದಲ್ಲಿ ಹೋಗುವವರು ವಸತಿಯನ್ನು ಮೊದಲೇ ಕಾಯ್ದಿರಿಸುವುದು ಒಳಿತು.

ಕುಟುಂಬ ಪ್ರವಾಸದ ವೆಚ್ಚವನ್ನು ವ್ಯಾಪಾರದ ಖರ್ಚಿನಲ್ಲಿ ತೋರಿಸುವುದು ತರವಲ್ಲ. ಅದು ಮಾಲೀಕರ ಸ್ವಂತ ಖಾತೆಗೆ ಸೇರಬೇಕು. ಸ್ವಂತ ಬಳಕೆಯ ಬಿಲ್ಲುಗಳ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆಯೂ ದೊರೆಯದು.

ಎಲ್ಲಕ್ಕಿಂತ ಮುಖ್ಯವಾದುದು ಹೊರಡುವ ಮುನ್ನಿನ ಸಿದ್ಧತೆ. ಯಾರಿಗೆ ಎಷ್ಟರವರೆಗೆ ಉದ್ರಿ ಕೊಡಬಹುದು, ಯಾವ ಪಾವತಿ ಯಾವ ದಿನ, ಯಂತ್ರ ಕೆಟ್ಟರೆ ಯಾರನ್ನು ಕರೆಯಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನಂಬಿಕೆಯ ಗುಮಾಸ್ತರಿಗೋ ಮಗಳಿಗೋ ಮಗನಿಗೋ ಒಪ್ಪಿಸಿ. ದಿನಕ್ಕೊಮ್ಮೆ, ಸಂಜೆ ಮಾತ್ರ ದೂರವಾಣಿ ಮಾಡಿ. ಐದು ದಿನ ಮಾಲೀಕನಿಲ್ಲದೆ ನಡೆಯದ ಅಂಗಡಿ, ನಾಳೆ ಆತ ಕಾಯಿಲೆ ಬಿದ್ದರೆ ಹೇಗೆ ನಡೆದೀತು? ಆ ಪ್ರಶ್ನೆಗೆ ಉತ್ತರ ಆಸ್ಪತ್ರೆಯ ಹಾಸಿಗೆಯಲ್ಲಿ ಸಿಗುವುದಕ್ಕಿಂತ ಕಾರವಾರದ ಕಡಲತೀರದಲ್ಲಿ ಸಿಗುವುದು ಲೇಸಲ್ಲವೆ?