ಆ 'ಟಕ್' ಶಬ್ದ ಬರಲೇ ಇಲ್ಲ

ಏಪ್ರಿಲ್ ಎರಡನೇ ವಾರ. ಸೋಮವಾರ ಬಳ್ಳಾರಿಯಲ್ಲಿ ಭಾಮೈದನ ಮದುವೆ, ಭಾನುವಾರ ಬೆಳಗ್ಗೆ ಬೆಂಗಳೂರಿಂದ ಹೊರಡಬೇಕು. ಕಾರಲ್ಲಿ ನಾನು, ಹೆಂಡತಿ, ಎಂಟು ತಿಂಗಳ ಮಗಳು, ಜೊತೆಗೆ ಬಿಪಿ ಇರುವ ಅಪ್ಪ. ಬಳ್ಳಾರಿ ಬಿಸಿಲು ಗೊತ್ತಲ್ಲ, ಅಲ್ಲಿ ಎರಡೇ ಕಾಲ: ಬೇಸಿಗೆ ಮತ್ತು ಕಡು ಬೇಸಿಗೆ. ಗುರುವಾರ ಸಂಜೆ ಆಫೀಸಿಂದ ಬರುವಾಗ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಮ್ಮ ಎಸಿ ಬಿಸಿಗಾಳಿ ಊದೋಕೆ ಶುರು ಮಾಡ್ತು.

ಶುಕ್ರವಾರ ಸರ್ವಿಸ್ ಸೆಂಟರ್‌ಗೆ ಹೋದೆ. ಹತ್ತೇ ನಿಮಿಷದಲ್ಲಿ ತೀರ್ಪು ಬಂತು: "ಕಂಪ್ರೆಸರ್ ಎಂಗೇಜ್ ಆಗ್ತಿಲ್ಲ ಸರ್, ಹೊಸದು ಹಾಕ್ಬೇಕು." ಎಸ್ಟಿಮೇಟ್ 34 ಸಾವಿರ, ಪಾರ್ಟ್ ಬರೋದು ಮಂಗಳವಾರ. ನಮ್ಮದು ಹತ್ತು ವರ್ಷ ಹಳೆಯ, ಸೆಕೆಂಡ್ ಹ್ಯಾಂಡ್ ತಗೊಂಡ ಕಾರು. ಅದಕ್ಕೆ 34 ಸಾವಿರ ಅಂದಾಗ ಹೊಟ್ಟೆಯಲ್ಲಿ ಏನೋ ಆಯ್ತು. "ಬಸ್ಸಲ್ಲೇ ಹೋಗೋಣ್ವಾ?" ಅಂದಳು ಹೆಂಡತಿ. ಮಗುವಿನ ಸಾಮಾನೇ ಎರಡು ಸೂಟ್‌ಕೇಸ್ ಇತ್ತು.

ಆದರೆ ಒಂದು ವಿಷಯ ನನ್ನನ್ನು ಕೊರೀತಾ ಇತ್ತು. ಅವರು ಗ್ಯಾಸ್ ಪ್ರೆಶರ್ ನೋಡೋ ಗೇಜ್ ಹಚ್ಚಲೇ ಇಲ್ಲ. ಆಫೀಸಲ್ಲಿ ಒಂದು ಪ್ರೋಗ್ರಾಂ ಓಡದೇ ಇದ್ದರೆ ನಾವು ಮೊದಲು ಕೇಳೋದು, ಇದು ಕೆಟ್ಟಿದೆಯಾ ಅಥವಾ ಇದನ್ನ ಯಾರಾದರೂ ತಡೀತಿದ್ದಾರಾ ಅಂತ. ಇಲ್ಲೂ ಅದೇ ಪ್ರಶ್ನೆ.

ನಮ್ಮಂಥ ಹಳೇ ಕಾರುಗಳಲ್ಲಿ ಎಂಜಿನ್ ಓಡುವಾಗ ಕಂಪ್ರೆಸರ್‌ನ ಪುಲ್ಲಿ ಬೆಲ್ಟ್ ಜೊತೆ ಸುಮ್ಮನೆ ತಿರುಗ್ತಾ ಇರುತ್ತೆ. ಎಸಿ ಬಟನ್ ಒತ್ತಿದಾಗ ಒಳಗಿನ ಕಾಯಿಲ್‌ಗೆ 12 ವೋಲ್ಟ್ ಹೋಗಿ, ಅದು ಅಯಸ್ಕಾಂತವಾಗಿ, ಪುಲ್ಲಿಯ ಮುಂದಿರುವ ತಟ್ಟೆಯನ್ನು ಎಳೆದು ಅಂಟಿಸಿಕೊಳ್ಳುತ್ತೆ. ಆಗ ಬರೋದೇ ಆ 'ಟಕ್'. ತಟ್ಟೆ ತಿರುಗಿದರೆ ಮಾತ್ರ ಕಂಪ್ರೆಸರ್ ಕೆಲಸ ಮಾಡುತ್ತೆ. (ಈಚಿನ ಕೆಲವು ಕಾರುಗಳಲ್ಲಿ ಈ ಕ್ಲಚ್ಚೇ ಇರಲ್ಲ, ಅವುಗಳಲ್ಲಿ ಟಕ್ ಕೇಳಿಸಲಿಲ್ಲ ಅಂತ ಗಾಬರಿಯಾಗಬೇಡಿ.)

ಆ 12 ವೋಲ್ಟ್ ಕಾಯಿಲ್‌ವರೆಗೆ ತಲುಪಬೇಕಾದರೆ ದಾರಿಯಲ್ಲಿ ಫ್ಯೂಸ್, ರಿಲೇ, ಪ್ರೆಶರ್ ಸ್ವಿಚ್, ಎಂಜಿನ್‌ನ ಕಂಪ್ಯೂಟರ್ ಎಲ್ಲವೂ ಹೂಂ ಅನ್ನಬೇಕು. ಎಂಜಿನ್ ವಿಪರೀತ ಬಿಸಿಯಾದರೂ ಕಂಪ್ಯೂಟರ್ ಎಸಿ ಕಟ್ ಮಾಡುತ್ತೆ. ನನ್ನ ಗಾಡಿಯ ಟೆಂಪರೇಚರ್ ಮುಳ್ಳು ಸರಿಯಾಗೇ ಇತ್ತು.

ರಾತ್ರಿ ಹತ್ತಕ್ಕೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ಇಳಿದೆ. ಅಪ್ಪ ಟಾರ್ಚ್ ಹಿಡಿದುಕೊಂಡು ಬಂದರು. ಫ್ಯೂಸ್ ಸರಿ ಇತ್ತು. ಹಾರ್ನ್ ರಿಲೇ ಮೇಲೂ ಎಸಿ ರಿಲೇ ಮೇಲೂ ಒಂದೇ ನಂಬರ್ ಇದ್ದಿದ್ದರಿಂದ ಎರಡನ್ನೂ ಅದಲುಬದಲು ಮಾಡಿದೆ. ಹಾರ್ನ್ ಹೊಡೀತು, ಎಸಿ ಮಾತ್ರ ಇಲ್ಲ. ವಾಚ್‌ಮನ್ ಓಡಿಬಂದ. ಮಲ್ಟಿಮೀಟರ್ ಹಿಡಿದರೆ ಕಾಯಿಲ್‌ನ ವೈರ್‌ಗೆ ಕರೆಂಟೇ ಬರ್ತಿಲ್ಲ. ಅಂದರೆ ತಡೀತಿರೋದು ಬೇರೆ ಯಾರೋ.

ಆಮೇಲೆ ನಾನು ಮಾಡಿದ್ದು ಹೇಳಿಕೊಳ್ಳೋಕೆ ನಾಚಿಕೆ. ಒಂದು ವಿಡಿಯೋ ನೋಡಿ, ಪ್ರೆಶರ್ ಸ್ವಿಚ್ಚಿನ ಎರಡೂ ವೈರ್ ಸೇರಿಸಿಬಿಟ್ಟೆ. ಟಕ್! ತಟ್ಟೆ ತಿರುಗಿತು. "ಆಯ್ತಲ್ಲೋ!" ಅಂದರು ಅಪ್ಪ. ಹಾಗೇ ಟೇಪ್ ಸುತ್ತಿ ಬಳ್ಳಾರಿಗೆ ಹೊರಡೋಣ ಅಂತಲೇ ಯೋಚಿಸಿದ್ದೆ. ಒಂದು ನಿಮಿಷವಾದರೂ ಗಾಳಿ ತಣ್ಣಗಾಗಲಿಲ್ಲ, ಅದಕ್ಕೇ ಅನುಮಾನ ಬಂದು ಆಫ್ ಮಾಡಿದೆ.

ಶನಿವಾರ ಬೆಳಗ್ಗೆ, ಬರೀ ಕಾರ್ ಎಸಿ ಕೆಲಸ ಮಾಡುವ ಒಂದು ಸಣ್ಣ ಗ್ಯಾರೇಜ್. ರಾತ್ರಿಯ ಸಾಹಸ ಕೇಳಿ ಅಲ್ಲಿಯ ಹಿರಿಯ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟರು. "ಗ್ಯಾಸ್ ಜೊತೆಗೇ ಆಯಿಲ್ ಸುತ್ತೋದು ಸಾರ್. ಗ್ಯಾಸ್ ಇಲ್ಲ ಅಂದ್ರೆ ಆಯಿಲ್ಲೂ ವಾಪಸ್ ಬರಲ್ಲ. ಹಂಗೇ ಓಡಿಸಿದ್ರೆ ಹಿರಿಯೂರು ದಾಟೋದ್ರೊಳಗೆ ಜಾಮ್ ಆಗಿರೋದು. ಆವಾಗ ನಿಜವಾಗ್ಲೂ 34 ಸಾವಿರ." ಆ ಸ್ವಿಚ್ ಇರೋದೇ ಗ್ಯಾಸ್ ಕಮ್ಮಿಯಾದಾಗ ಕಂಪ್ರೆಸರನ್ನು ಉಳಿಸೋಕೆ. ನಾನು ಕಾವಲುಗಾರನ ಬಾಯಿಗೇ ಬಟ್ಟೆ ತುರುಕಿದ್ದೆ.

ಅವರು ಗೇಜ್ ಹಚ್ಚಿದರು. 134ಎ ಗ್ಯಾಸ್ ಸಾಕಷ್ಟು ಇದ್ದರೆ, ಎಂಜಿನ್ ಆಫ್ ಆಗಿರುವಾಗ 30 ಡಿಗ್ರಿ ಹವೆಯಲ್ಲಿ ಸುಮಾರು 95 ಪಿಎಸ್ಐ ತೋರಿಸಬೇಕು. ನನ್ನದು 20! "ಕಂಪ್ರೆಸರ್ ಸತ್ತಿಲ್ಲ ಸಾರ್, ಹಸಿದಿದೆ ಅಷ್ಟೇ."

"ಹಾಗಾದ್ರೆ ಗ್ಯಾಸ್ ತುಂಬಿಬಿಡಿ ಅಣ್ಣ," ಅಂದೆ. ಅದಕ್ಕೂ ಬೈಗುಳ. ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗೋದಲ್ಲ, ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಪೈಪುಗಳಿಗೆ ನೈಟ್ರೋಜನ್ ತುಂಬಿ, ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚುತ್ತಾ ಹೋದರು. ಮುಂದಿನ ಕಂಡೆನ್ಸರ್‌ಗೆ ಪೈಪ್ ಸೇರುವ ಕಡೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಒಳಗಿದ್ದ ರಬ್ಬರ್ ಓ-ರಿಂಗ್ ಗಟ್ಟಿಯಾಗಿ ಸೀಳು ಬಿಟ್ಟಿತ್ತು. ಮಗಳ ಕಾಲ್ಬೆರಳಿಗೆ ಉಂಗುರ ಮಾಡಬಹುದಾದಷ್ಟು ಚಿಕ್ಕದು.

ಹೊಸ ರಿಂಗ್ ಹಾಕಿ, ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು ಗಾಳಿ, ತೇವ ತೆಗೆದು, ಮುಳ್ಳು ಅಲ್ಲಾಡದೆ ನಿಂತಿದ್ದನ್ನು ನೋಡಿದ ಮೇಲೇ ಗ್ಯಾಸ್ ತುಂಬಿದ್ದು, ಅದೂ ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿದ್ದ ಗ್ರಾಂ ಲೆಕ್ಕದಲ್ಲಿ ತೂಕ ಮಾಡಿ. ಒಟ್ಟು 2,400 ರೂಪಾಯಿ. ಹಳೇ ರಿಂಗನ್ನು ಕೇಳಿ ಜೇಬಿಗೆ ಹಾಕಿಕೊಂಡೆ.

ಭಾನುವಾರ ಹಿರಿಯೂರಲ್ಲಿ ತಿಂಡಿ ಮುಗಿಸಿ, ಚಳ್ಳಕೆರೆ ದಾಟುವಾಗ ಹೊರಗೆ ಬಿಸಿಲು ಕುಣೀತಿತ್ತು. ಒಳಗೆ ಮಗಳು ಬಾಯಿ ತೆರೆದು ನಿದ್ದೆ. ನಾನು ಎಸಿ ಆಫ್ ಮಾಡಿ, ಆನ್ ಮಾಡಿ, ಟಕ್ ಕೇಳಿಸಿಕೊಳ್ತಾ ಇದ್ದೆ.

"ಸ್ವಲ್ಪ ಕಮ್ಮಿ ಮಾಡೋ," ಅಂದರು ಅಪ್ಪ ಹಿಂದಿನ ಸೀಟಿಂದ, ಟವೆಲ್ ಹೊದ್ದುಕೊಳ್ತಾ. "ಮಂಡಿ ಹಿಡ್ಕೊಳ್ತಾ ಇದೆ."